ಶುಕ್ರವಾರದ ಅರಬ್ಬೀ

ಅರ್ಜಿಯಲ್ಲಿ ಏನೇನು ಬರುತ್ತದೆ ಎಂದು ಬರೆದಿದ್ದೀರೋ ಅದನ್ನೆಲ್ಲ ನನ್ನ ಕಣ್ಣೆದುರು ಮಾಡಿ ತೋರಿಸಬೇಕು. ಇದು ನನ್ನ ಕೋಣೆಯ ಕಾನೂನು. ಈಜು ಬರುತ್ತದೆ ಎಂದವರನ್ನು ಮಾತ್ರ ನಂಬಿ ಬಿಟ್ಟುಬಿಡುತ್ತೇನೆ, ಯಾಕೆಂದರೆ ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ ರಸಗೊಬ್ಬರದಂಗಡಿಯ ಮಹಡಿಯ ಮೇಲೆ ಈಜಿಸಿ ನೋಡಲು ಜಾಗವಿಲ್ಲ. ಉಳಿದದ್ದಕ್ಕೆಲ್ಲ ಪರೀಕ್ಷೆ ಇದೆ. ಇಂಗ್ಲಿಷ್ ಬರುತ್ತದೆ ಎಂದವರು ಇಂಗ್ಲಿಷಿನಲ್ಲಿ ಹೊಟ್ಟೆನೋವಿನ ಬಗ್ಗೆ ಮಾತಾಡಬೇಕು. ಶ್ರೀರಂಗಪಟ್ಟಣದ ಹುಡುಗನೊಬ್ಬ ‘ಫ್ರೆಂಚ್, ಸ್ವಲ್ಪ’ ಎಂದು ಬರೆದುಕೊಂಡು ಬಂದಿದ್ದ. ಎಲ್ಲಿ ಮಾತಾಡಪ್ಪ ಎಂದರೆ ಪ್ರವಾಸಿಗರಿಗೆ ಹೇಳುವ ನಮಸ್ಕಾರ ಹೇಳಿ, ಎಳನೀರಿನ ಬೆಲೆ ಹೇಳಿ, ಪಿಳಿಪಿಳಿ ನೋಡುತ್ತ ನಿಂತ. ಅವನ ಕೈಯಲ್ಲೇ ಅದನ್ನು ಹೊಡೆದುಹಾಕಿಸಿದೆ. ಸಂದರ್ಶನದಲ್ಲಿ ಮರ್ಯಾದೆ ಹೋಗುವುದಕ್ಕಿಂತ ನನ್ನೆದುರು ಹೋದರೆ ವಾಸಿ.

ನಾನು ಬಹಳ ವರ್ಷ ಗಲ್ಫ್ ದೇಶವೊಂದರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಈಗ ಇಲ್ಲಿ ನಮ್ಮ ಸುತ್ತಲಿನ ತಾಲ್ಲೂಕುಗಳ ಮಕ್ಕಳಿಗೆ ಹೊರದೇಶದ ನರ್ಸಿಂಗ್ ಮತ್ತು ಮೆಡಿಕಲ್ ಕಾಲೇಜುಗಳ ಅರ್ಜಿ ತುಂಬಿಸಿ, ಸಂದರ್ಶನಕ್ಕೆ ತಯಾರು ಮಾಡಿಸುತ್ತೇನೆ. ಬಂದವರೆಲ್ಲ ಬೈಸಿಕೊಂಡೇ ಹೋಗುತ್ತಾರೆ. ಆದರೂ ಬರುತ್ತಾರೆ.

ಆ ಹುಡುಗಿ ಬಂದಾಗ ಆಷಾಢದ ಗಾಳಿ ಜೋರಾಗಿತ್ತು. ಬಿಂಡಿಗನವಿಲೆಯವಳು. ನಾಗಮಂಗಲದಲ್ಲಿ ಪಿಯುಸಿ ಓದಿ ನೀಟ್ ಪಾಸಾಗಿದ್ದಳು, ಆದರೆ ಸರ್ಕಾರಿ ಸೀಟು ಸಿಗುವಷ್ಟು ಮೇಲಿನ ರ‍್ಯಾಂಕಲ್ಲ. ಖಾಸಗಿ ಕಾಲೇಜಿನ ಮಾತನ್ನು ಅವಳ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಈಜಿಪ್ಟಿನ ಒಂದು ವಿಶ್ವವಿದ್ಯಾಲಯ ಕೆಲವೇ ವಿದೇಶಿ ವಿದ್ಯಾರ್ಥಿಗಳನ್ನು ಫೀಸಿಲ್ಲದೆ ಸೇರಿಸಿಕೊಳ್ಳುತ್ತದೆ ಎಂಬುದನ್ನು ಫೋನಿನಲ್ಲಿ ತಾನೇ ಹುಡುಕಿಕೊಂಡು ಬಂದಿದ್ದಳು. ಡಾಕ್ಟರಾಗಲು ಅವಳಿಗಿದ್ದ ದಾರಿ ಅದೊಂದೇ.

ಅರ್ಜಿಯಲ್ಲಿ ಅರಬ್ಬೀ ಎಷ್ಟು ಬರುತ್ತದೆ ಎಂದು ಕೇಳಿದ್ದರು. ಇಲ್ಲ, ಸ್ವಲ್ಪ, ಸಾಧಾರಣ, ಚೆನ್ನಾಗಿ ಎಂದು ನಾಲ್ಕು ಚೌಕ. ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆದರೂ ವಾರ್ಡಿಗೆ ಇಳಿದ ಮೇಲೆ ರೋಗಿಗಳು ಅರಬ್ಬೀ ಬಿಟ್ಟು ಬೇರೆ ಮಾತಾಡುವುದಿಲ್ಲವಾದ್ದರಿಂದ, ಅಲ್ಪಸ್ವಲ್ಪ ಬಲ್ಲವರಿಗೂ ಆದ್ಯತೆ ಇದೆ ಎಂದು ಕೆಳಗೆ ಬರೆದಿತ್ತು. ಹುಡುಗಿ ಸೀದಾ ‘ಸಾಧಾರಣ’ಕ್ಕೆ ಗುರುತು ಹಾಕಿದಳು. ಬಿಂಡಿಗನವಿಲೆಗೆ ಅರಬ್ಬೀ ಯಾವ ಬಸ್ಸಿನಲ್ಲಿ ಬಂತಮ್ಮ ಎಂದು ಕನ್ನಡಕದ ಮೇಲಿಂದ ನೋಡಿದೆ. ಅವಳು ನಗುತ್ತ, ಫೋನಲ್ಲಿ ಬಂತು ಮಿಸ್ ಎಂದಳು.

ಅವಳು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಇವಳಿನ್ನೂ ಮೂರನೇ ಕ್ಲಾಸಿನಲ್ಲಿದ್ದಾಗ ತಾಯಿ ಮನೆಗೆಲಸಕ್ಕೆಂದು ಗಲ್ಫಿಗೆ ಹೋದಳು. ಸಾಕಿದ್ದು ಅಜ್ಜಿ. ಶುಕ್ರವಾರ ಅಲ್ಲಿ ರಜೆಯ ದಿನ, ಮಧ್ಯಾಹ್ನ ಕೆಲಸದ ಮನೆಯವರು ನೆಂಟರ ಮನೆಗೆ ಹೋದಾಗ ತಾಯಿಗೆ ಬಿಡುವು, ಆಗ ಫೋನು. ಅಲ್ಲಿ ಏನು ಊಟ, ಏನು ಕೆಲಸ ಎಂದೆಲ್ಲ ಕೇಳಿ ಮುಗಿದ ಮೇಲೆ ಇವಳದೊಂದು ಹಟ: ಈ ವಾರ ಕಲಿತ ಹೊಸ ಮಾತು ಹೇಳು. ತಾಯಿ ಹೇಳುತ್ತಿದ್ದಳು, ಇವಳು ಒಪ್ಪಿಸುತ್ತಿದ್ದಳು. ತಾಯಿ ವಾಪಸು ಬಂದದ್ದು ಇವಳು ಹತ್ತನೇ ಕ್ಲಾಸು ಮುಗಿಸಿದಾಗ. ಈಗ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ.

“ನಮ್ಮವ್ವನ್ನ ಅವ್ರು ಮನೆಮಗಳ ಥರಾನೇ ನೋಡ್ಕತಿದ್ರು ಮಿಸ್. ಅದ್ಕೇ ಅವ್ವಂಗೆ ಅಷ್ಟೊಂದು ಮಾತು ಬತ್ತದೆ” ಎಂದಳು ಹುಡುಗಿ. ಹೇಳುವಾಗ ಬೆನ್ನು ನೆಟ್ಟಗಾಗಿತ್ತು. ಕಷ್ಟಪಟ್ಟು ದುಡಿದ ತಾಯಿಯ ಬಗ್ಗೆ ಮಕ್ಕಳು ಮಾತಾಡುವಾಗ ಆಗುವ ಹಾಗೆ.

ಪರೀಕ್ಷೆ ತಕ್ಷಣ ಮಾಡಲಾಗಲಿಲ್ಲ. ಅದಕ್ಕೆ ಮುಂಚೆ ಅವಳ ಹೆಸರಿನ ತಕರಾರು ಬಗೆಹರಿಯಬೇಕಿತ್ತು. ನಮ್ಮ ಕಡೆ ಹೆಸರಿನ ಹಿಂದೋ ಮುಂದೋ ಊರಿನ ಅಕ್ಷರ, ಅಪ್ಪನ ಅಕ್ಷರ ಹಾಕಿ ಮುಗಿಸುತ್ತೇವೆ. ಅಂಕಪಟ್ಟಿಯಲ್ಲಿ ಹಾಗೇ ಇತ್ತು. ಪಾಸ್‌ಪೋರ್ಟ್ ಮಾಡಿಸಿಕೊಟ್ಟ ಮಹಾನುಭಾವ ಯಾರೋ ಮನೆತನದ ಹೆಸರು ಕೇಳಿದ ಕಡೆ ಆ ಅಕ್ಷರವನ್ನು ಬಿಡಿಸಿ ಊರಿನ ಹೆಸರನ್ನೇ ತುಂಬಿಬಿಟ್ಟಿದ್ದ. ಪಾಸ್‌ಪೋರ್ಟಿನ ಪ್ರಕಾರ ಅವಳು ಕುಮಾರಿ ಬಿಂಡಿಗನವಿಲೆ. ವಿಶ್ವವಿದ್ಯಾಲಯದ ಜಾಲತಾಣ ಇಬ್ಬರೂ ಒಬ್ಬಳೇ ಎಂದು ಒಪ್ಪಲು ತಯಾರಿರಲಿಲ್ಲ. ಶ್ರೀರಂಗಪಟ್ಟಣದ ಕೋರ್ಟಿನ ಹತ್ತಿರ ನೋಟರಿ ಹಿಡಿದು ಅಫಿಡವಿಟ್ ಮಾಡಿಸಿದೆವು. ಕನ್ನಡದಲ್ಲಿದ್ದುದನ್ನು ವಿಶ್ವವಿದ್ಯಾಲಯದವರು ವಾಪಸು ಕಳಿಸಿದರು. ಇಂಗ್ಲಿಷಿನಲ್ಲಿ ಮಾಡಿಸಿದರೆ ಸೀಲು ಮಸುಕಾಗಿದೆ ಎಂದರು. ಮೂರನೇ ಸಲ ನಾನೇ ನೋಟರಿಯ ಎದುರು ಕೂತು, ಸೀಲಿಗೆ ಶಾಯಿ ಹಾಕಿಸಿ ಒತ್ತಿಸಿಕೊಂಡು ಬಂದೆ. ಅರ್ಜಿಯ ಬಾಗಿಲು ಮುಚ್ಚಲು ಹೆಚ್ಚು ದಿನ ಉಳಿದಿರಲಿಲ್ಲ.

ಭಾನುವಾರ ಅರಬ್ಬೀ ಪರೀಕ್ಷೆ ಇಟ್ಟೆ. ಶಾಲೆಗೆ ರಜೆಯಿದ್ದುದರಿಂದ ತಾಯಿಯೂ ಜೊತೆಗೆ ಬಂದಿದ್ದಳು. ಸಣ್ಣ ಮೈಯ, ಹೆಚ್ಚು ಮಾತಾಡದ ಹೆಂಗಸು. ನನಗೆಂದು ನಿಪ್ಪಟ್ಟು ಮಾಡಿಕೊಂಡು ತಂದಿದ್ದಳು. ಕಿಟಕಿಯ ಪಕ್ಕದ ಬೆಂಚಿನ ತುದಿಯಲ್ಲಿ, ಇನ್ನೂ ಮೂರು ಜನ ಕೂರುವವರಿದ್ದಾರೇನೋ ಎಂಬಂತೆ ಮುದುಡಿ ಕೂತಳು.

ನನ್ನ ಪರೀಕ್ಷೆಯ ಕ್ರಮ ಹೀಗೆ. ಕೋಣೆಯಲ್ಲೊಂದು ಹಳೆಯ ಮಂಚವಿದೆ. ನಾನು ಅದರ ಮೇಲೆ ಶಾಲು ಹೊದ್ದು ಮಲಗುತ್ತೇನೆ. ನಾನು ಅವರು ಅರ್ಜಿ ಹಾಕುವ ದೇಶದ ಒಬ್ಬ ಮುದುಕಿ, ಹೊಟ್ಟೆನೋವು, ಬೇರೆ ಯಾವ ಭಾಷೆಯೂ ಬಾರದು. ಬಂದವರು ಬಾಗಿಲಿನಿಂದ ಒಳಗೆ ಬಂದು, ಮಾತಾಡಿಸಿ, ಎಲ್ಲಿ ನೋವು ಎಂದು ತಿಳಿದುಕೊಂಡು, ಸಮಾಧಾನ ಹೇಳಬೇಕು. ಪೂರ್ತಿ ಬಾರದಿದ್ದರೂ ಪರವಾಗಿಲ್ಲ, ಬರುವಷ್ಟರಲ್ಲಿ ಏನು ಮಾಡುತ್ತಾರೆ ಎಂಬುದನ್ನೇ ನಾನು ನೋಡುವುದು.

ಹುಡುಗಿ ಒಳಗೆ ಬಂದಳು. ಅವಳ ನಡಿಗೆ ಚೆನ್ನಾಗಿತ್ತು, ಮುಖ ಚೆನ್ನಾಗಿತ್ತು. ಹತ್ತಿರ ಬಂದು ಬಗ್ಗಿ ನನ್ನ ಹಣೆಯ ಮೇಲೆ ಕೈಯಿಟ್ಟಳು. ಇವಳು ಒಳ್ಳೆಯ ಡಾಕ್ಟರಾಗುತ್ತಾಳೆ ಎಂದು ಆ ಕೈ ತಾಗಿದ ಕೂಡಲೇ ನನಗೆ ಅನ್ನಿಸಿತು. ಆಮೇಲೆ ಅವಳು ಮಗುವನ್ನು ಎಬ್ಬಿಸುವ ದನಿಯಲ್ಲಿ, “ಗೂಮಿ, ಗೂಮಿ, ಯಾ ಹ್ಮಾರಾ” ಎಂದಳು.

ನಾನು ಮುಲುಗಿದೆ, ಪಾತ್ರದಲ್ಲಿದ್ದೆನಲ್ಲ. ಅವಳು ನನ್ನ ಕೆನ್ನೆ ಸವರಿ, ಇನ್ನೂ ಮೆತ್ತಗೆ, “ಇಸ್ಕಿತಿ, ಇಸ್ಕಿತಿ” ಎಂದಳು.

ವರ್ಷಗಟ್ಟಲೆ ಆ ಭಾಷೆಯ ನಡುವೆ ಬದುಕಿದವಳು ನಾನು. ಏಳು, ಏಳೇ ಕತ್ತೆ ಎಂದಿದ್ದಳು ಹುಡುಗಿ. ಆಮೇಲೆ ಹೇಳಿದ್ದು, ಬಾಯಿ ಮುಚ್ಚು.

ಎದ್ದು ಕೂತೆ. ತಾಯಿಯ ಕಡೆ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಚೀಲದೊಳಗೆ ಹೋಗಿದ್ದ ಕೈ ಅಲ್ಲೇ ನಿಂತಿತ್ತು.

ಏನೂ ಆಗದವಳಂತೆ ಹುಡುಗಿಯನ್ನು ಒಂದೊಂದೇ ಕೇಳಿದೆ. ಅವಳು ಸಲೀಸಾಗಿ ಹೇಳಿದಳು. ಗೂಮಿ ಎಂದರೆ ಗುಡ್ ಮಾರ್ನಿಂಗ್, ಬೆಳಗಾಗುತ್ತಲೇ ಅವ್ವನಿಗೆ ಎಲ್ಲರೂ ಹಾಗೆ ಹೇಳುತ್ತಿದ್ದರು. ಹ್ಮಾರಾ ಎಂದರೆ ಕೂಸು, ಮುದ್ದಿಗೆ ಕರೆಯುವ ಮಾತು. ಇಸ್ಕಿತಿ ಎಂದರೆ ಸಮಾಧಾನ ಮಾಡಿಕೋ. ಇನ್ನೂ ಎಷ್ಟೋ ಮಾತು ಬರುತ್ತಿತ್ತು ಅವಳಿಗೆ. ಪಾತ್ರೆಗಳ ಹೆಸರು, ಬಟ್ಟೆಗಳ ಹೆಸರು, ಮೆಟ್ಟಿಲು, ಪಾಯಿಖಾನೆ, ಪೊರಕೆ, ತಾ, ಒಯ್ಯಿ, ತೊಳೆ, ಬೇಗ. ಇವಕ್ಕೆ ಅರ್ಥ ಸರಿಯಾಗೇ ಇತ್ತು, ಬೈಗುಳಗಳಿಗೆ ಮಾತ್ರ ಬೇರೆ ಅರ್ಥ ಕೊಟ್ಟಿತ್ತು. ಹಸಿವು ಎನ್ನುವುದಕ್ಕೆ ಏನನ್ನುತ್ತಾರೆ ಎಂದು ಕೇಳಿದೆ, ಗೊತ್ತಿರಲಿಲ್ಲ. ನೋವು ಗೊತ್ತಿರಲಿಲ್ಲ. ನನಗೆ ಬೇಡ ಎನ್ನುವುದೂ ಗೊತ್ತಿರಲಿಲ್ಲ. ಆ ಮಾತುಗಳನ್ನು ಆಡುವ ಅವಕಾಶ ತಾಯಿಗೆ ಅಲ್ಲಿ ಸಿಕ್ಕೇ ಇರಲಿಲ್ಲ.

ಅಫಿಡವಿಟ್ಟಿನ ಜೆರಾಕ್ಸ್ ಬೇಕು ಎಂದು ಹುಡುಗಿಯನ್ನು ಬಸ್ ಸ್ಟ್ಯಾಂಡಿನ ಆಚೆಯ ಅಂಗಡಿಗೆ ಕಳಿಸಿದೆ. 

“ನಿಮ್ಗೆ ಗೊತ್ತಾಗೋಯ್ತು ಅಲ್ವಾ ಸಿಸ್ಟರ್” ಎಂದಳು ತಾಯಿ.

ಹೌದೆಂದು ತಲೆಯಾಡಿಸಿದೆ.

“ಏನ್ ಮಾಡ್ಲಿ. ಇವತ್ತೇನ್ ಕಲ್ತೆ ಅವ್ವ, ಏನ್ ಕಲ್ತೆ ಅವ್ವ ಅಂತ ವಾರ್ವಾರ ಕೇಳದು ಮಗ. ನಂಗೆ ಬತ್ತಿದ್ದಿದ್ದು ಅವಷ್ಟೇಯ.”

ಮೊದಮೊದಲು ನಿಜವಾದ ಅರ್ಥವನ್ನೇ ಹೇಳಿದ್ದಳಂತೆ. ಬೇಗ ಬೇಗ ಎಂದು ನಿನಗೆ ಯಾರು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಂದು ಮಗು ಫೋನಿನಲ್ಲೇ ಅತ್ತಿತ್ತು. ಅದಾದ ಮೇಲೆ ಕೆಟ್ಟ ಮಾತಿಗೆಲ್ಲ ಒಳ್ಳೆಯ ಅರ್ಥ ಕೊಡಲು ಶುರು ಮಾಡಿದಳು. ವಾರವೆಲ್ಲ ಯೋಚಿಸಿ ಇಟ್ಟುಕೊಳ್ಳುತ್ತಿದ್ದಳಂತೆ, ಈ ಮಾತಿಗೆ ಏನು ಹೇಳಲಿ ಎಂದು. ಊರಿಗೆ ಬಂದ ಮೇಲೆ ಮಗಳು ಎಂದಾದರೊಮ್ಮೆ ಆ ಮಾತಾಡಿದಾಗ ನಕ್ಕು ಸುಮ್ಮನಾಗುತ್ತಿದ್ದಳು. ಬಿಂಡಿಗನವಿಲೆಯಲ್ಲಿ ಅರಬ್ಬೀ ಬಲ್ಲವರು ಯಾರಿದ್ದಾರೆ?

ನನಗೆ ತೋಚಿದ್ದನ್ನು ಆಕೆಯ ಮುಂದಿಟ್ಟೆ. ಅರಬ್ಬೀ ‘ಇಲ್ಲ’ ಎಂದು ಬರೆಯೋಣ, ಈಜಿಪ್ಟಿನದೇ ಬೇರೆ ಥರದ ಅರಬ್ಬೀ, ನಿನ್ನದು ಅಲ್ಲಿ ನಡೆಯುವುದಿಲ್ಲ ಎಂದು ಹುಡುಗಿಗೆ ಹೇಳಿದರೆ ನಂಬುತ್ತಾಳೆ. ಆದರೆ ಸೀಟು ಸಿಗುವ ಭರವಸೆ ಕಡಿಮೆಯಾಗುತ್ತದೆ. ಅಥವಾ ‘ಸ್ವಲ್ಪ’ ಎಂದು ಬರೆದು, ಉಳಿದ ದಿನಗಳಲ್ಲಿ ಆಸ್ಪತ್ರೆಯ ನಾಲ್ಕು ಒಳ್ಳೆಯ ಮಾತು ನಾನೇ ಕಲಿಸುತ್ತೇನೆ. ಆದರೆ ತಾಯಿ ಕಲಿಸಿದ್ದನ್ನು ಅವಳು ಬಿಡುವವಳಲ್ಲ. ಸಂದರ್ಶನದಲ್ಲಿ ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ತನ್ನ ಹತ್ತಿರವಿರುವ ಪ್ರೀತಿಯ ಮಾತೇ ಬಾಯಿಗೆ ಬರುತ್ತದೆ.

ಆಕೆ ಸಂದರ್ಶನದ ವಿಷಯ ಕೇಳಲೇ ಇಲ್ಲ. ಅಲ್ಲಿಗೆ ಹೋದ ಮೇಲೆ ಆಸ್ಪತ್ರೆಯಲ್ಲಿ ಮಲಗಿರುವ ಯಾವಳೋ ಮುದುಕಿಗೆ ಮಗಳು ಹೀಗೆ ಅಂದುಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು. ಬೈಯುತ್ತಾರೆ, ಇಲ್ಲ ನಗುತ್ತಾರೆ, ಆಮೇಲೆ ಯಾರಾದರೂ ಅರ್ಥ ಹೇಳುತ್ತಾರೆ ಎಂದೆ. ತಾಯಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಅಲ್ಲೋಗಿ ಯಾರ್ದೋ ಬಾಯಲ್ಲಿ ತಿಳ್ಕೊಳದು ಬ್ಯಾಡ. ನಾನೇ ಯೋಳ್ತೀನಿ. ನೀವು ಒಂದೊಂದೇ ಮಾತು ಅನ್ನಿ ಸಿಸ್ಟರ್, ನಾನು ಅರ್ಥ ಯೋಳ್ತಾ ಓಗ್ತೀನಿ. ನಾನೊಬ್ಳೇ ಅಂದ್ರೆ ನಡುವ್ಲೇ ನಿಂತ್ಬುಡ್ತೀನಿ.”

ವಾರ್ಡಿನ ಹೊರಗೆ ಕಾದು ನಿಂತವರಿಗೆ ಸಾವಿನ ಸುದ್ದಿ ಹೇಳಿದ್ದೇನೆ. ಆ ಭಾನುವಾರದ ಕೆಲಸ ಅದಕ್ಕಿಂತ ಕಷ್ಟದ್ದಾಗಿತ್ತು. ಹುಡುಗಿ ಜೆರಾಕ್ಸ್ ಹಿಡಿದು ಬಂದಳು. ತಾಯಿಯ ಎದುರು ಕೂರಿಸಿದೆ. ನಾನು ಮೊದಲ ಮಾತು ಹೇಳಿದೆ. ಅವಳು ಇದೂ ಪರೀಕ್ಷೆಯೇ ಎಂದುಕೊಂಡು ಗುಡ್ ಮಾರ್ನಿಂಗ್ ಎಂದು ತಟ್ಟನೆ ಉತ್ತರ ಕೊಟ್ಟಳು.

“ಅಲ್ಲ ಮಗ. ಏಳು ಅಂತ. ಅಡುಗೆಮನೇಲಿ ಮಲಗಿರ್ತಿದ್ನಲ್ಲ, ಕಾಲಲ್ಲಿ ತಳ್ಳಿ ಅನ್ನೋರು” ಎಂದಳು ತಾಯಿ.

ಹುಡುಗಿ ನನ್ನ ಮುಖ ನೋಡಿದಳು, ನಾನು ಏನಾದರೂ ಹೇಳುತ್ತೇನೆಂದು. ನಾನು ಎರಡನೇ ಮಾತು ಹೇಳಿದೆ. ತಾಯಿ ಅರ್ಥ ಹೇಳಿದಳು. ಮೂರನೆಯದು, ನಾಲ್ಕನೆಯದು. ಕೂತುಕೋ ಎಂದು ಕಲಿಸಿದ್ದು ನಿಜವಾಗಿ ಇಲ್ಲಿಂದ ತೊಲಗು ಎಂದಾಗಿತ್ತು. ಜಾಣೆ ಎಂದು ಕಲಿಸಿದ್ದು ಹುಚ್ಚಿ ಎಂದಾಗಿತ್ತು. ತಾಯಿ ಕಿಟಕಿಯ ಹೊರಗೆ ನೋಡುತ್ತ, ಶಾಲೆಯ ಸಾಮಾನು ಎಣಿಸಿ ಒಪ್ಪಿಸುವವಳ ಹಾಗೆ, ದನಿಯೆತ್ತದೆ ತಗ್ಗಿಸದೆ ಹೇಳಿಕೊಂಡು ಹೋದಳು. ನಡುವೆ ಹುಡುಗಿ ಒಂದೇ ಮಾತು ಕೇಳಿದಳು, ಇದನ್ನೆಲ್ಲ ನಗುತ್ತ ಹೇಳುತ್ತಿದ್ದೆಯಲ್ಲ ಅವ್ವ ಎಂದು. ತಾಯಿ ಊಂ ಎಂದಳು.

ಕತ್ತೆಯ ಮಾತನ್ನು ನಾನು ಬಿಟ್ಟುಬಿಟ್ಟೆ. ಅದೊಂದಾದರೂ ಉಳಿಯಲಿ ಎಂದುಕೊಂಡೆ. ಆದರೆ ತಾಯಿ ಕಾದು ಕೂತಿದ್ದು, ನಾನು ಹೇಳದಿದ್ದಾಗ ತಾನೇ ಆ ಮಾತನ್ನು ಹೇಳಿ ಅರ್ಥವನ್ನೂ ಹೇಳಿದಳು. ಹುಡುಗಿಗೆ ಅಳು ಬಂದದ್ದು ಆಗ. ಪ್ರತಿ ಶುಕ್ರವಾರ ಫೋನಿಡುವ ಮುಂಚೆ ಅವಳು ತಾಯಿಯನ್ನು ಅದೇ ಮಾತಿನಿಂದ ಕರೆದು ಮುತ್ತು ಕೊಡುತ್ತಿದ್ದಳಂತೆ.

“ನಿನ್ನ ನಾನೂ ಅಂಗೇ ಕರೀತಿದ್ನಲ್ಲವ್ವ” ಎಂದಳು.

“ನೀನು ಕರುದ್ರೆ ಚೆಂದಾಗೇ ಕೇಳ್ತಿತ್ತು ಕಣ್ ಮಗ.”

ನಾನು ನೀರು ತರುವ ನೆಪ ಮಾಡಿ ಆಚೆ ಹೋದೆ. ಮೆಟ್ಟಿಲ ಮೇಲೆ ನಿಂತು ನಾನೂ ಅತ್ತೆ. ಆ ದೇಶದಲ್ಲಿದ್ದಾಗ ಇಂಥ ಎಷ್ಟೋ ಹೆಂಗಸರನ್ನು ಆಸ್ಪತ್ರೆಯಲ್ಲಿ ಕಂಡಿದ್ದೆ, ಬ್ಯಾಂಡೇಜು ಕಟ್ಟಿ ಕಳಿಸಿದ್ದೆ. ಅವರು ಶುಕ್ರವಾರ ಊರಿಗೆ ಏನು ಹೇಳುತ್ತಾರೆ ಎಂದು ಯೋಚಿಸಿಯೇ ಇರಲಿಲ್ಲ.

ಮಾರನೆಯ ದಿನ ಹುಡುಗಿ ಒಬ್ಬಳೇ ಬಂದಳು. ಅರಬ್ಬೀ ಕಾಲಂ ಏನು ಮಾಡೋಣ, ನೀನೇ ಹೇಳು ಎಂದೆ. ‘ಸ್ವಲ್ಪ’ ಎಂದು ಅವಳೇ ಗುರುತು ಹಾಕಿದಳು. ಅರ್ಜಿ ಕಳಿಸಿದೆವು. ಸಂದರ್ಶನಕ್ಕೆ ಕರೆ ಬಂತು. ಅಲ್ಲಿಯ ತನಕ ದಿನವೂ ನಾನು ಮಂಚದ ಮೇಲೆ ಮಲಗಿದೆ. ನಿಮಗೆ ಶಾಂತಿ ಇರಲಿ ಎಂಬ ನಮಸ್ಕಾರ, ಎಲ್ಲಿ ನೋಯುತ್ತದೆ, ಎಂದಿನಿಂದ, ಹೆದರಬೇಡಿ ನಾನಿದ್ದೇನೆ. ಈ ನಾಲ್ಕು ಮಾತನ್ನು ಅವಳು ರಸಾಯನಶಾಸ್ತ್ರದ ಸೂತ್ರಗಳಂತೆ ಒಂದಕ್ಷರ ತಪ್ಪದೆ ಕಲಿತಳು. ಕೈ ಮಾತ್ರ ಮತ್ತೆ ಹಣೆಯ ಮೇಲೆ ಬರಲಿಲ್ಲ. ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು.

ಸಂದರ್ಶನ ನನ್ನ ಕೋಣೆಯಲ್ಲೇ, ಕಂಪ್ಯೂಟರಿನ ಮುಂದೆ, ಮಧ್ಯಾಹ್ನ. ಶುರುವಾಗುವ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ಇತ್ತು, ಆದರೆ ಇಂಟರ್‌ನೆಟ್ಟಿನ ಪೆಟ್ಟಿಗೆ ಅದಕ್ಕೆ ಸೇರಿರಲಿಲ್ಲ, ನನ್ನ ಫೋನಿನಿಂದ ಜೋಡಿಸಿಕೊಟ್ಟು ಕ್ಯಾಮೆರಾಕ್ಕೆ ಕಾಣದಂತೆ ಮೂಲೆಯಲ್ಲಿ ಕೂತೆ. ಎದುರಿಗೆ ಮೂವರು ಪ್ರಾಧ್ಯಾಪಕರು. ಹೃದಯದ ಬಗ್ಗೆ ಕೇಳಿದರು, ಮಧುಮೇಹದ ಬಗ್ಗೆ ಕೇಳಿದರು, ಎಲ್ಲಕ್ಕೂ ಚೆನ್ನಾಗಿ ಹೇಳಿದಳು. ಹೆಸರಿನ ಕಥೆ ಕೇಳಿ ಅವರು ನಕ್ಕರು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ನನಗಂತೂ ಸೀಟು ಸಿಕ್ಕಿಬಿಟ್ಟಿತು ಎಂದೇ ಅನ್ನಿಸಿತು.

ಕೊನೆಗೆ ಮೂವರಲ್ಲಿ ಹಿರಿಯರು, ಅರಬ್ಬೀ ಸ್ವಲ್ಪ ಬರುತ್ತದೆ ಎಂದು ಬರೆದಿದ್ದೀಯಲ್ಲ, ನಮ್ಮ ರೋಗಿಗಳಿಗೆ ಅದು ಬಹಳ ಮುಖ್ಯ, ನಾನೇ ನಿನ್ನ ರೋಗಿ ಎಂದುಕೊಂಡು ಮಾತಾಡಿಸು ಎಂದರು. ಒಳ್ಳೆಯ ಮನುಷ್ಯ. ಅವಳು ತಪ್ಪಾಗಿ ಮಾತಾಡಿದರೂ ಒಪ್ಪಿಕೊಳ್ಳುವವರ ಹಾಗೆ ಕಾಣುತ್ತಿದ್ದರು.

 ನಾನು ಮೂಲೆಯಿಂದ ಮೊದಲ ಮಾತನ್ನು ತುಟಿಯಲ್ಲಿ ಆಡಿ ತೋರಿಸಿದೆ. ಅವಳು ನನ್ನ ಕಡೆ ನೋಡಲಿಲ್ಲ. ಅವರು ಇನ್ನೊಮ್ಮೆ, ಏನು ಬರುತ್ತದೋ ಅದನ್ನೇ ಹೇಳಮ್ಮ ಎಂದು ಧೈರ್ಯ ಹೇಳಿದರು. ಅವಳು ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ, ದಯವಿಟ್ಟು ಅಲ್ಲಿ ‘ಇಲ್ಲ’ ಎಂದು ತಿದ್ದಿಕೊಳ್ಳಿ ಸಾರ್, ನನಗೆ ಬರುವುದು ರೋಗಿಗಳಿಗೆ ಹೇಳುವಂಥದ್ದಲ್ಲ ಎಂದಳು. ಅವರಿಗೆ ಅರ್ಥವಾಗಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು, ಏನೋ ಬರೆದುಕೊಂಡರು, ವಂದನೆ ಹೇಳಿ ಮುಗಿಸಿದರು.

ಬಾಯಿಪಾಠವಾಗಿತ್ತಲ್ಲೇ, ನಾಲ್ಕು ಮಾತು ಹೇಳಲು ಏನಾಗಿತ್ತು ಎಂದು ಬೈದೇಬಿಟ್ಟೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು.

“ಆ ಭಾಷೇಲಿ ಬಾಯಿ ತೆಗುದ್ರೆ ಅವ್ವನ್ನ ಬಯ್ದೋರ ದನಿಯೇ ಬತ್ತದೆ ಮಿಸ್. ಅದ್ರಲ್ಲಿ ಯಾರ್ಗೂ ಸಮಾಧಾನ ಯೋಳಾಕೆ ನಂಗಾಗಾಕಿಲ್ಲ.”

ಆಯ್ಕೆಯಾಗಿಲ್ಲ ಎಂಬ ಇಮೇಲು ಬಂದಾಗ ಮಳೆ ಹಿಡಿದಿತ್ತು. ಕಾರಣ ಬರೆದಿರಲಿಲ್ಲ, ಬರೆಯುವುದೂ ಇಲ್ಲ. ಮತ್ತೆ ನೀಟ್ ಬರಿ, ಇನ್ನೊಂದು ದೇಶಕ್ಕೆ ಹಾಕೋಣ, ನಾನು ಓದಿಸುತ್ತೇನೆ ಎಂದೆಲ್ಲ ಹೇಳಿ ನೋಡಿದೆ. ಹುಡುಗಿ ಕೆ.ಆರ್. ಪೇಟೆಯಲ್ಲಿ ಬಿ.ಎಸ್ಸಿ.ಗೆ ಸೇರಿ ಹಾಸ್ಟೆಲಿಗೆ ಹೋದಳು. ಬಿಂಡಿಗನವಿಲೆಯಿಂದ ಓಡಾಡಿಕೊಂಡೂ ಓದಬಹುದಿತ್ತು, ಆದರೆ ಹಾಸ್ಟೆಲೇ ಬೇಕು ಎಂದಳಂತೆ.

ಮೂಲ ಪ್ರಮಾಣಪತ್ರಗಳನ್ನು ವಾಪಸು ಒಯ್ಯಲು ತಾಯಿ ಬಂದಿದ್ದಳು. ಎಲ್ಲವನ್ನೂ ತೋರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟೆ. ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿದ್ದಾಳೆ ಎಂದಳು. ದಿನವೂ ಫೋನು ಮಾಡುತ್ತಾಳೆ, ಉಂಡೆಯಾ, ಮಲಗಿದೆಯಾ, ಕಾಲುನೋವು ಹೇಗಿದೆ ಎಂದು ಕೇಳುತ್ತಾಳೆ, ತನ್ನದೇನೂ ಹೇಳುವುದಿಲ್ಲ. ಅವ್ವ ಬೇಜಾರು ಮಾಡಿಕೊಂಡಾಳೆಂದು ನಗುನಗುತ್ತಾ ಮಾತಾಡುತ್ತಾಳೆ ಎಂದಳು. ಆಮೇಲೆ ಬಾಗಿಲ ತನಕ ಹೋದವಳು ನಿಂತಳು.

“ನಾನು ಅವತ್ತು ಯೋಳ್ದೆ ಸುಮ್ನಿದ್ದಿದ್ರೆ ಅವ್ಳಿಗೆ ಸೀಟು ಸಿಗ್ತಿತ್ತಾ ಸಿಸ್ಟರ್?”

ಇಲ್ಲಮ್ಮ, ಅವಳ ಅಂಕವೇ ಸಾಲಲಿಲ್ಲ, ಅರಬ್ಬೀಯಿಂದ ಏನೂ ಆಗುತ್ತಿರಲಿಲ್ಲ ಎಂದೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

“ಸುಳ್ಳು ಯೋಳಾಕೆ ನಿಮ್ಗೆ ಬರಾಕಿಲ್ಲ ಬುಡಿ. ನಂಗೆ ಬತ್ತಿತ್ತು” ಎಂದಳು. ಕವರನ್ನು ಸೆರಗಿನೊಳಗೆ ಸೇರಿಸಿಕೊಂಡು, ನಾಗಮಂಗಲದ ಬಸ್ಸು ಹಿಡಿಯಲು ಮೆಟ್ಟಿಲಿಳಿದು ಹೋದಳು.